ವ್ರತದಲ್ಲಿ ಉಳಿದ ಹಣ ಯಾರದು?

ಒಂದೇ ಬೀದಿಯಲ್ಲಿ ವಾಸಿಸುವ ಮೂವರು ಗೃಹಸ್ಥರು ಒಂದೇ ದಿನ ಒಂದು ಅಂಗಡಿಯ ಮುಂದೆ ಹಾದುಹೋದರೆಂದೂ, ಮೂವರ ಮನಸ್ಸೂ ಒಂದೇ ವಸ್ತುವಿನ ಮೇಲೆ ಬಿದ್ದಿತೆಂದೂ, ಮೂವರೂ ಅದನ್ನು ಕೊಳ್ಳದೆ ಮನೆಗೆ ಹಿಂದಿರುಗಿದರೆಂದೂ ವಾಚಕರು ಭಾವಿಸಿಕೊಳ್ಳಬೇಕು. ಹೊರಗೆ ನಿಂತು ನೋಡುವವನಿಗೆ ಮೂವರ ನಡತೆಯೂ ಒಂದೇ. ಆದರೆ ಮೊದಲನೆಯವನು ಲೋಭಿ. ಹಣವನ್ನು ಅಗಲಲಾರದೆ ಅವನು ಕೊಳ್ಳಲಿಲ್ಲ. ಎರಡನೆಯವನು ಮಿತವ್ಯಯಿ, ಬರುವ ತಿಂಗಳು ಇದಕ್ಕಿಂತ ಮೇಲಾದುದನ್ನು ಕೊಳ್ಳಬೇಕೆಂದು ಅವನು ಕೈಯನ್ನು ಹಿಡಿದನು. ಮೂರನೆಯವನು ವ್ರತಿ, ಈ ಹಣವು ಈ ದಿನಗಳಲ್ಲಿ ತನ್ನದಲ್ಲ, ಮತ್ತೊಬ್ಬರದು ಎಂದು ನಿಶ್ಚಯಿಸಿ ಅವನು ಕೊಳ್ಳಲಿಲ್ಲ. ಉಳಿದ ಹಣ ಒಂದೇ. ಅದು ಸೇರುವ ಸ್ಥಾನಗಳು ಮಾತ್ರ ಮೂರು. ಲೋಭಿಯ ಹಣ ಪೆಟ್ಟಿಗೆಗೆ, ಮಿತವ್ಯಯಿಯ ಹಣ ನಾಳೆಗೆ, ವ್ರತಿಯ ಹಣ ಪರರಿಗೆ. ಈ ಭೇದವನ್ನು ಮನದಟ್ಟು ಮಾಡಿಕೊಳ್ಳದೆ ಕೈಗೊಂಡ ವ್ರತವು ಎಷ್ಟೇ ಕಠಿಣವಾಗಿದ್ದರೂ ಲೆಕ್ಕಪುಸ್ತಕದ ಒಂದು ಜಾಣತನವಾಗಿ ಮುಗಿಯುವುದುಂಟು.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವೇನೆಂದರೆ, ಕ್ರೈಸ್ತಬಂಧುಗಳು ವರ್ಷಕ್ಕೊಮ್ಮೆ ಆಚರಿಸುವ ನಲವತ್ತು ದಿನಗಳ ವ್ರತದಲ್ಲಿ, ಮಾಂಸವನ್ನೋ ಸಿಹಿಯನ್ನೋ ಬಿಡುವುದರ ಜೊತೆಗೆ, ಹಣ ಖರ್ಚುಮಾಡುವ ಯಾವುದಾದರೂ ಒಂದು ಅಭ್ಯಾಸವನ್ನೇ ಬಿಡುವ ಪದ್ಧತಿಯು ಈಚೆಗೆ ಅನೇಕ ಕುಟುಂಬಗಳಲ್ಲಿ ಕಂಡುಬರುತ್ತಿದೆ. ಇದು ಕೇವಲ ಒಂದು ಮತದವರಿಗೆ ಸೇರಿದ ವಿಷಯವೆಂದು ಉಳಿದವರು ಕಣ್ಣು ಹಾಯಿಸದೆ ಬಿಡತಕ್ಕದ್ದಲ್ಲ. ಸಂಸಾರವುಳ್ಳ ಎಲ್ಲರ ಮನೆಯಲ್ಲಿಯೂ ಇಂದು ಖರ್ಚೆಂಬುದು ಆಹಾರದಷ್ಟೇ ನಿತ್ಯವಾದುದಾಗಿದೆ. ಕೆಲವು ಕಡೆ ಆಹಾರಕ್ಕಿಂತಲೂ ಹೆಚ್ಚಿನ ಹಸಿವಾಗಿದೆ.

ಮೊದಲು ಆ ವ್ರತದ ಸ್ವರೂಪವನ್ನು ತಿಳಿಯೋಣ. ಇಂಗ್ಲಿಷಿನಲ್ಲಿ ಅದಕ್ಕೆ ಲೆಂಟ್ ಎಂದು ಹೆಸರು. ಹಗಲು ದೀರ್ಘವಾಗುವ ವಸಂತಕಾಲವನ್ನು ಸೂಚಿಸುತ್ತಿದ್ದ ಒಂದು ಹಳೆಯ ಪದದಿಂದ ಅದು ಬಂದಿದೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕಿರುವ ಹೆಸರಿನ ಅರ್ಥವು 'ನಲವತ್ತನೆಯದು' ಎಂದು. ಅದೇ ಶಬ್ದವು ಪೋರ್ಚುಗೀಸರ ಬಾಯಿಂದ ನಮ್ಮ ಕರಾವಳಿಗೆ ಬಂದು ಕೊಂಕಣಿಯಲ್ಲಿ 'ಕರೆಜ್ಮ' ಎಂದಾಯಿತು. ಕನ್ನಡ ನುಡಿಯುವ ಕಥೋಲಿಕರು ಇದನ್ನು 'ತಪಸ್ಸುಕಾಲ'ವೆಂದು ಕರೆಯುತ್ತಾರೆ. ಪಾಶ್ಚಾತ್ಯ ಕ್ರಮದಲ್ಲಿ ಬೂದಿ ಬುಧವಾರದಂದು ಇದರ ಆರಂಭ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಪವಿತ್ರೀಕರಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಅಂದು ಹಣೆಗೆ ಹಚ್ಚುತ್ತಾರೆ. ಮನುಷ್ಯನು ಮಣ್ಣಿನಿಂದ ಬಂದವನು, ಮಣ್ಣಿಗೆ ಹೋಗತಕ್ಕವನು ಎಂಬುದರ ಸ್ಮರಣೆ ಅದು. ಅಂದಿನಿಂದ ಪುನರುತ್ಥಾನದ ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಅವುಗಳಲ್ಲಿ 6 ಭಾನುವಾರಗಳು ಹರ್ಷದ ದಿನಗಳಾದ ಕಾರಣ ಅವನ್ನು ಕಳೆದರೆ ಉಳಿಯುವುವು 40. ಯೇಸುಸ್ವಾಮಿಯು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಅನುಸರಣೆ ಇದು. ಕ್ರಿ.ಶ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ನೆರೆದ ಮಹಾಸಭೆಯ ವಿಧಿಗಳಲ್ಲಿಯೇ ನಲವತ್ತು ದಿನಗಳ ಈ ಕಾಲದ ಉಲ್ಲೇಖವಿರುವುದರಿಂದ, ಇದರ ಪ್ರಾಚೀನತೆಯ ವಿಷಯದಲ್ಲಿ ಸಂದೇಹವಿಲ್ಲ. ನೆರೆಯ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದು ಐವತ್ತು ದಿನಗಳ ನೋಂಪಿಯಾಗಿ ನಡೆದುಬಂದಿದೆ.

ಈ ವ್ರತಕ್ಕೆ ಮೂರು ಅಂಗಗಳು: ಪ್ರಾರ್ಥನೆ, ಉಪವಾಸ, ದಾನ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಈ ಮೂರನ್ನೂ ಒಂದೇ ಸರಣಿಯಲ್ಲಿ ಬೋಧಿಸಲಾಗಿದೆ. ಮೂರನ್ನೂ ಜನರ ಕಣ್ಣಿಗೆ ಬೀಳುವಂತೆ ಮಾಡಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಇವು ಒಂದನ್ನೊಂದು ಬಿಟ್ಟು ನಿಲ್ಲತಕ್ಕವಲ್ಲ. 440ರಿಂದ 461ರವರೆಗೆ ರೋಮಿನ ಪೀಠದಲ್ಲಿದ್ದ ಲಿಯೋ ಎಂಬ ಮಹಾಗುರುವು ಈ ಕಾಲದಲ್ಲಿ ಮಾಡಿದ ಉಪದೇಶಗಳ ಸಾರವೇ, ನಿನ್ನ ಉಪವಾಸವು ಬಡವನ ಭೋಜನವಾಗಬೇಕು ಎಂಬುದು. ಇನ್ನೊಬ್ಬ ಮಹಾವಾಗ್ಮಿಯಾದ ಜಾನ್ ಕ್ರಿಸೋಸ್ಟಮನು 387ರಲ್ಲಿ ಅಂತಿಯೋಕ್ಯ ನಗರದಲ್ಲಿ ಇದೇ ವ್ರತಕಾಲದಲ್ಲಿ ಪ್ರವಚನಗಳನ್ನು ಮಾಡುತ್ತ, ಬಾಯಿಯೊಂದು ಉಪವಾಸವಿದ್ದರೆ ಸಾಲದು, ಕಣ್ಣು, ಕಿವಿ, ಕೈ, ಕಾಲುಗಳೂ ಉಪವಾಸವಿರಬೇಕು, ಕೈಯ ಉಪವಾಸವೆಂದರೆ ಲೋಭವನ್ನು ಬಿಡುವುದು ಎಂಬ ಅಭಿಪ್ರಾಯವನ್ನು ವಿಸ್ತರಿಸಿದನು. ಆದುದರಿಂದ ಖರ್ಚಿನ ಅಭ್ಯಾಸವನ್ನು ಬಿಡುವುದು ಇಂದಿನವರು ಕಲ್ಪಿಸಿದ ಹೊಸ ವಿನೋದವೇನೂ ಅಲ್ಲ. ಹದಿನಾರು ಶತಮಾನಗಳ ಹಿಂದೆಯೇ ಹೇಳಿದ ಕೈಯ ಉಪವಾಸವನ್ನು ಈಗ ಕೆಲವರು ಮತ್ತೆ ನೆನಪಿಗೆ ತಂದುಕೊಂಡಿದ್ದಾರೆ, ಅಷ್ಟೆ.

ವಿಧಿಯು ಉಳಿದು ಅದರ ಪ್ರಾಣವು ಹಾರಿಹೋದರೆ ಏನಾಗುವುದೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. ಫ್ರಾನ್ಸ್ ದೇಶದ ರೂಆನ್ ನಗರದ ಮಹಾದೇವಾಲಯದಲ್ಲಿ 'ಬೆಣ್ಣೆಯ ಗೋಪುರ'ವೆಂದು ಹೆಸರಾದ ಒಂದು ಶಿಖರವಿದೆ. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಅದರ ಕೆಲಸವು ಆರಂಭವಾಗಿ 16ನೆಯ ಶತಮಾನದ ಆದಿಯಲ್ಲಿ ಮುಗಿಯಿತು. ಆ ಕಾಲದಲ್ಲಿ ಈ ನಲವತ್ತು ದಿನ ಹಾಲು ಬೆಣ್ಣೆಗಳೂ ನಿಷಿದ್ಧವಾಗಿದ್ದುವು. ಬೆಣ್ಣೆಯನ್ನು ಬಿಡಲಾರದವರು ಹಣವನ್ನು ತೆತ್ತು ಅಪ್ಪಣೆ ಪಡೆದು ತಿನ್ನಬಹುದಾಗಿತ್ತು. ಹಾಗೆ ಕೂಡಿದ ಹಣದ ಸಹಾಯದಿಂದ ಎದ್ದ ಗೋಪುರವಾದುದರಿಂದ ಅದಕ್ಕೆ ಆ ಹೆಸರು. ಅಲ್ಲಿ ಹಣವೂ ಖರ್ಚಾಯಿತು, ಬೆಣ್ಣೆಯೂ ಖರ್ಚಾಯಿತು. ಉಳಿಯದೆ ಹೋದುದು ವ್ರತವೊಂದೇ. ಗೋಪುರದ ಸೌಂದರ್ಯಕ್ಕೆ ಇದರಿಂದ ಕುಂದಿಲ್ಲ. ಆದರೆ ದುಡ್ಡಿದ್ದವನು ನಿಯಮದಿಂದ ಬಿಡುಗಡೆಯನ್ನು ಕೊಂಡುಕೊಂಡ ಮೇಲೆ, ಆ ನಿಯಮದ ಭಾರವೆಲ್ಲ ದುಡ್ಡಿಲ್ಲದವನ ಹೆಗಲಿಗೇ ಬೀಳುತ್ತದೆಂಬುದನ್ನು ನಾವು ಮರೆಯಬಾರದು.

ಇಪ್ಪತ್ತನೆಯ ಶತಮಾನದಲ್ಲಿ ನಿಯಮಗಳು ಬಹುಮಟ್ಟಿಗೆ ಸಡಿಲವಾದುವು. 1966ರಲ್ಲಿ ಆರನೆಯ ಪಾಲ್ ಪೋಪರು ಹೊರಡಿಸಿದ ಶಾಸನದಿಂದ ಕಥೋಲಿಕರಲ್ಲಿ ಕಡ್ಡಾಯವಾದ ಉಪವಾಸವು ಬೂದಿ ಬುಧವಾರ, ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಸೀಮಿತವಾಯಿತು. ಆಯಾ ದೇಶದ ಧರ್ಮಾಧ್ಯಕ್ಷರು ಉಚಿತವೆಂದು ಕಂಡಲ್ಲಿ ಪ್ರಾರ್ಥನೆಯನ್ನೂ ಪರೋಪಕಾರವನ್ನೂ ಇಂಥ ತಪಸ್ಸಿಗೆ ಬದಲಾಗಿ ವಿಧಿಸಲು ಅವಕಾಶವಾಯಿತು. ನಿಯಮವು ಕಡಮೆಯಾದಂತೆ ಆಯ್ಕೆಯ ಹೊಣೆ ಹೆಚ್ಚಿತು. ಏನನ್ನು ಬಿಡಬೇಕೆಂದು ಗುರುವು ಹೇಳುತ್ತಿದ್ದ ಕಾಲದಲ್ಲಿ ಶಿಷ್ಯನಿಗೆ ಪಾಲಿಸುವುದೊಂದೇ ಕೆಲಸ. ಈಗ ತನ್ನ ದೌರ್ಬಲ್ಯವೇನೆಂಬುದನ್ನು ತಾನೇ ಪರೀಕ್ಷಿಸಿ, ತಾನೇ ಹೆಸರಿಸಿ, ತಾನೇ ಬಿಡಬೇಕು. ಅಂಥ ಪರೀಕ್ಷೆಗೆ ಕುಳಿತವರಲ್ಲಿ ಅನೇಕರಿಗೆ, ತಮ್ಮನ್ನು ಆಳುತ್ತಿರುವುದು ನಾಲಗೆಯಲ್ಲ, ಕೊಳ್ಳುವ ಚಪಲವೆಂಬುದು ತಿಳಿದುಬಂದರೆ ಆಶ್ಚರ್ಯವೇನು?

ಈ ಚಪಲಕ್ಕೆ ಇಂದಿನ ಕಾಲವು ಒದಗಿಸಿರುವ ಅನುಕೂಲಗಳು ಅಷ್ಟಿಷ್ಟಲ್ಲ. ನಮ್ಮ ತಂದೆತಾಯಿಗಳ ಕಾಲದಲ್ಲಿ ಒಂದು ವಸ್ತುವನ್ನು ಕೊಳ್ಳಬೇಕಾದರೆ ಸಂತೆಯ ದಿನವು ಬರಬೇಕಾಗಿತ್ತು, ಪೇಟೆಗೆ ನಡೆಯಬೇಕಾಗಿತ್ತು, ಗಂಟನ್ನು ಬಿಚ್ಚಿ ನಾಣ್ಯಗಳನ್ನೆಣಿಸಬೇಕಾಗಿತ್ತು. ಆಸೆಗೂ ಕ್ರಯಕ್ಕೂ ನಡುವೆ ಅಷ್ಟು ದೂರವಿದ್ದುದರಿಂದ ಅರ್ಧ ದಾರಿಯಲ್ಲಿಯೇ ಎಷ್ಟೋ ಆಸೆಗಳು ತಾವಾಗಿ ಆರಿಹೋಗುತ್ತಿದ್ದುವು. ಈಗ ಅಂಗಡಿಯೇ ಅಂಗೈಗೆ ಬಂದಿದೆ. 2016ರಲ್ಲಿ ಯುಪಿಐ ಎಂಬ ಹಣಪಾವತಿಯ ಕ್ರಮವು ನಮ್ಮ ದೇಶದಲ್ಲಿ ಆರಂಭವಾದಂದಿನಿಂದ ನಾಣ್ಯದ ಭಾರವೂ ಕೈಗೆ ತಿಳಿಯದಾಗಿದೆ. ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಕಂಡ ಸೀರೆ, ಪಾತ್ರೆ, ಆಟದ ಸಾಮಾನುಗಳು ಎರಡು ದಿನದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಮ್ಮೊಮ್ಮೆ ತರಿಸಿದವರಿಗೇ ತರಿಸಿದ ನೆನಪಿರುವುದಿಲ್ಲ. ಈ ಅನುಕೂಲವನ್ನು ನಾನು ದೂಷಿಸುತ್ತಿಲ್ಲ. ನಡೆಯಲಾರದ ವೃದ್ಧರಿಗೂ ಬಿಡುವಿಲ್ಲದ ಗೃಹಿಣಿಯರಿಗೂ ಅದು ಮಹೋಪಕಾರ. ಆದರೆ ಹಿಂದೆ ಹಾದಿಯು ಮಾಡುತ್ತಿದ್ದ ಕೆಲಸವನ್ನು, ಎಂದರೆ ಆಸೆಯನ್ನು ಕೊಂಚ ಹೊತ್ತು ಕಾಯಿಸುವ ಕೆಲಸವನ್ನು, ಇನ್ನು ಮುಂದೆ ಮನಸ್ಸೇ ಮಾಡಬೇಕಾಗಿದೆ. ವ್ರತವೆಂದರೆ ಮನುಷ್ಯನು ಬುದ್ಧಿಪೂರ್ವಕವಾಗಿ ಹಾಕಿಕೊಂಡ ಆ ದೂರ.

ನಮ್ಮ ಸಂಸ್ಕೃತದ ಶಬ್ದಗಳನ್ನೇ ನೋಡಿರಿ. 'ಉಪವಾಸ'ವೆಂಬಲ್ಲಿ ಅನ್ನವನ್ನು ಬಿಡುವುದೆಂಬ ಅರ್ಥವು ಅಕ್ಷರಗಳಲ್ಲಿ ಎಲ್ಲಿಯೂ ಇಲ್ಲ. ಸಮೀಪದಲ್ಲಿ ವಾಸಮಾಡುವುದೆಂದೇ ಅದರ ವ್ಯುತ್ಪತ್ತಿ. ಯಾರ ಸಮೀಪದಲ್ಲಿ? ಭಗವಂತನ ಸಮೀಪದಲ್ಲಿ ಎಂದು ಹಿರಿಯರು ಹೇಳುತ್ತಾರೆ. ಬಿಡುವುದು ಸಾಧನ, ಸಮೀಪಿಸುವುದು ಫಲ. ಪತಂಜಲಿಯು ಎಣಿಸಿದ ಐದು ಯಮಗಳಲ್ಲಿ ಕೊನೆಯದಾದ 'ಅಪರಿಗ್ರಹ'ವೂ ಇದೇ ಜಾತಿಯದು. ಬೇಡದುದನ್ನು ಸುತ್ತಲೂ ಕೂಡಿಹಾಕಿಕೊಳ್ಳದಿರುವುದು ಎಂದು ಅದರ ತಾತ್ಪರ್ಯ. ಕನ್ನಡನಾಡಿನ ಅನೇಕ ಮನೆಗಳಲ್ಲಿ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆಕಾಳುಗಳನ್ನು ಬಿಡುವ ಕ್ರಮವನ್ನು ಬಲ್ಲವರಿಗೆ, ಕ್ರೈಸ್ತರ ಈ ನಲವತ್ತು ದಿನಗಳು ಅಪರಿಚಿತವಾಗಿ ತೋರಲಾರವು. ಮಾರ್ಗಗಳೂ ಉದ್ದೇಶಗಳೂ ಬೇರೆಯಾಗಿರಬಹುದು. ಒಂದನ್ನು ಇನ್ನೊಂದರಲ್ಲಿ ಕರಗಿಸಬೇಕಾದುದೂ ಇಲ್ಲ. ಆದರೂ ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದರಲ್ಲಿ ಒಂದು ಶಕ್ತಿಯಿದೆ ಎಂಬುದನ್ನು ಎರಡು ಮನೆಯವರೂ ಕಂಡುಕೊಂಡಿದ್ದಾರೆ. ಎಂದೆಂದಿಗೂ ಬಿಡುತ್ತೇನೆಂದವನು ಮೂರನೆಯ ದಿನ ಸೋಲುತ್ತಾನೆ. ನಲವತ್ತು ದಿನವೆಂದವನಿಗೆ ಎಣಿಸಲು ಬೆರಳುಗಳಿರುತ್ತವೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಬಿಟ್ಟುದರಿಂದ ಉಳಿದ ಹಣವನ್ನು ಏನುಮಾಡಬೇಕು? ಕ್ರೈಸ್ತರು ಇದಕ್ಕೆ ಕಂಡುಕೊಂಡ ಉಪಾಯಗಳು ಬಹು ಸರಳವಾಗಿವೆ. ಐರ್ಲೆಂಡಿನಲ್ಲಿ 1973ರಲ್ಲಿ ಸ್ಥಾಪಿತವಾದ ಟ್ರೋಕರ ಎಂಬ ಸಂಸ್ಥೆಯು ಈ ಕಾಲದಲ್ಲಿ ಮನೆಮನೆಗೂ ಒಂದು ರಟ್ಟಿನ ಪೆಟ್ಟಿಗೆಯನ್ನು ಕಳುಹಿಸುತ್ತದೆ. ಮೇಜಿನ ಮೇಲಿಟ್ಟ ಆ ಪೆಟ್ಟಿಗೆಗೆ ಮಕ್ಕಳು ತಾವು ಬಿಟ್ಟ ಮಿಠಾಯಿಯ ಕಾಸನ್ನು ಹಾಕುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಆಲೆನ್‌ಟೌನಿನಲ್ಲಿ 1975ರಲ್ಲಿ, ಆಫ್ರಿಕದ ಕ್ಷಾಮವನ್ನು ಕಂಡು ಮರುಗಿದ ಜನರು 'ಅನ್ನದ ಬಟ್ಟಲು' ಎಂಬ ಹೆಸರಿನ ಇಂಥದೇ ಏರ್ಪಾಟನ್ನು ಆರಂಭಿಸಿದರು. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ ಸ್ಥಾಪಿಸಿದ ಮಿಸೆರಿಯೋರ್ ಸಂಸ್ಥೆಗೆ ತಪಸ್ಸುಕಾಲದ ಕಾಣಿಕೆಯೇ ಒಂದು ಮುಖ್ಯ ಆಧಾರ; ನಮ್ಮ ದೇಶದ ಬಡಜನರಿಗೂ ಅದರ ನೆರವು ಬಂದಿದೆ. ಭಾರತದಲ್ಲಿಯೂ 1962ರಲ್ಲಿ ಹುಟ್ಟಿದ ಕಾರಿತಾಸ್ ಇಂಡಿಯಾ ಎಂಬ ಸಂಸ್ಥೆಯು ಹಸಿವು ರೋಗಗಳ ನಿವಾರಣೆಗಾಗಿ ಈ ಕಾಲದಲ್ಲಿ ದೇಣಿಗೆಯನ್ನು ಸಂಗ್ರಹಿಸುತ್ತದೆ. ಇವೆಲ್ಲವುಗಳಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ. ಬಿಟ್ಟುದಕ್ಕೂ ಕೊಟ್ಟುದಕ್ಕೂ ನಡುವೆ ಒಂದು ಪೆಟ್ಟಿಗೆ ಇದೆ. ಆ ಪೆಟ್ಟಿಗೆ ಇಲ್ಲದಿದ್ದರೆ ಉಳಿದ ಹಣವು ಮತ್ತೆ ಸಂಸಾರದ ಹೊಳೆಯಲ್ಲಿ ಬಿದ್ದು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ತಪಸ್ಸುಕಾಲಕ್ಕೆ ಸೇರದ, ಆದರೆ ಅದರ ನೆರೆಯಲ್ಲಿಯೇ ಇಡಬಹುದಾದ ಎರಡು ಸಂಗತಿಗಳನ್ನೂ ಇಲ್ಲಿ ಹೇಳಬೇಕು. 1886ರಲ್ಲಿ ಲಂಡನ್ನಿನ ಮುಕ್ತಿಸೇನೆಯು ಹಣವಿಲ್ಲದೆ ಕಷ್ಟದಲ್ಲಿದ್ದಾಗ, ಅದರ ಅಧಿಕಾರಿಯಾದ ಜಾನ್ ಕಾರ್ಲ್‌ಟನ್ ಎಂಬಾತನು, ತಾನು ಒಂದು ವರ್ಷ ಊಟದ ಕೊನೆಯ ಸಿಹಿಯನ್ನು ಬಿಟ್ಟರೆ 50 ಷಿಲಿಂಗುಗಳು ಉಳಿಯುತ್ತವೆ, ಅವನ್ನು ಕೊಡುತ್ತೇನೆ ಎಂದು ಬರೆದುಕೊಟ್ಟನು. ಸೇನೆಯ ಸ್ಥಾಪಕನಾದ ವಿಲಿಯಂ ಬೂತನಿಗೆ ಇದು ಬಹಳ ಹಿಡಿಸಿತು. ವರ್ಷವಿಡೀ ಬಿಡುವುದು ಬೇಡ, ಎಲ್ಲರೂ ಕೂಡಿ ಒಂದು ವಾರ ಏನನ್ನಾದರೂ ಬಿಡೋಣವೆಂದು ಅವನು ಏರ್ಪಡಿಸಿದನು. ಹೀಗೆ ಹುಟ್ಟಿದ 'ಆತ್ಮನಿಗ್ರಹ'ದ ನಿಧಿಯು ಆ ಸಂಸ್ಥೆಯಲ್ಲಿ ಇಂದಿಗೂ ನಡೆದುಬಂದಿದೆ. ಎರಡನೆಯ ಸಂಗತಿಯು ಸಂಸ್ಕೃತವನ್ನು ಓದಿದವರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಕೇರಳದ ಮಾನ್ನಾನಂ ಎಂಬಲ್ಲಿ ಕುರಿಯಾಕೋಸ್ ಎಲಿಯಾಸ್ ಚಾವರ ಎಂಬ ಸಂನ್ಯಾಸಿಯು 1846ರಲ್ಲಿ ಒಂದು ಸಂಸ್ಕೃತ ಪಾಠಶಾಲೆಯನ್ನು ತೆರೆದು, ಜಾತಿಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡರು. ಬಡಮಕ್ಕಳಿಗೆ ಮಧ್ಯಾಹ್ನದ ಊಟ ಒದಗಬೇಕಲ್ಲ! ಪ್ರತಿಯೊಂದು ಮನೆಯ ಗೃಹಿಣಿಯೂ ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುವ 'ಪಿಡಿಯರಿ' ಎಂಬ ಏರ್ಪಾಟನ್ನು ಅವರು ಬಳಕೆಗೆ ತಂದರು. ಆ ಹಿಡಿ ಅಕ್ಕಿಯಿಂದ ಮನೆಯವರ ಊಟಕ್ಕೆ ಕೊರತೆಯಾಗಲಿಲ್ಲ. ಶಾಲೆಯ ಮಕ್ಕಳ ಹೊಟ್ಟೆ ಬರಿದಾಗಲಿಲ್ಲ. 2014ರಲ್ಲಿ ರೋಮಿನಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ನಮ್ಮ ಕನ್ನಡಕ್ಕೂ ಇಂಥ ಸಣ್ಣ ಕಾಸಿನ ಋಣವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವೆಚ್ಚಕ್ಕೆ ಸ್ವಿಟ್ಜರ್‌ಲೆಂಡ್ ಜರ್ಮನಿಗಳ ಸಾಮಾನ್ಯ ಜನರು 19ನೆಯ ಶತಮಾನದ ನಡುಗಾಲದಿಂದ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಅತ್ಯಲ್ಪ ನಾಣ್ಯವೊಂದನ್ನು ಕೂಡಿಸಿ ಕಳುಹಿಸುತ್ತಿದ್ದರು. ಆ ಮಿಷನ್ನಿನವನಾಗಿ ಬಂದ ಕಿಟ್ಟೆಲನ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನಿಘಂಟನ್ನು ಬಿಡಿಸಿದಾಗಲೆಲ್ಲ, ಕನ್ನಡದ ಒಂದಕ್ಷರವನ್ನೂ ಅರಿಯದ ಯಾವಳೋ ಒಬ್ಬ ಕೂಲಿಹೆಂಗಸಿನ ನಾಣ್ಯವೂ ಇದರ ಹಿಂದೆ ಇರಬಹುದೆಂದು ನನಗೆ ತೋರುತ್ತದೆ.

ದೂರದ ದೃಷ್ಟಾಂತಗಳಾದುವು, ಕಣ್ಣಾರೆ ಕಂಡುದನ್ನೂ ಒಂದು ಹೇಳುತ್ತೇನೆ. 1990ರ ದಶಕದಲ್ಲಿ ನಾನು ಕರಾವಳಿಯ ಒಂದು ಪ್ರೌಢಶಾಲೆಯಲ್ಲಿದ್ದಾಗ, ಕಥೋಲಿಕ ಮತದ ಅಧ್ಯಾಪಿಕೆಯೊಬ್ಬರು ನಮ್ಮೊಡನಿದ್ದರು. ತಿಂಗಳ ಮೊದಲ ವಾರದಲ್ಲಿ ಬಟ್ಟೆಯ ಗಂಟನ್ನು ಹೊತ್ತ ವ್ಯಾಪಾರಿಯೊಬ್ಬನು ಅಧ್ಯಾಪಕರ ಕೊಠಡಿಗೆ ಬರುತ್ತಿದ್ದನು. ಸೀರೆಗಳನ್ನು ಕಂತಿನ ಮೇಲೆ ಕೊಡುತ್ತಿದ್ದನು. ತಿಂಗಳಿಗೊಂದು ಸೀರೆಯನ್ನು ಕೊಳ್ಳುವುದು ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು. ಒಂದು ವರ್ಷ ತಪಸ್ಸುಕಾಲದಲ್ಲಿ ಆಕೆ ಅದನ್ನು ಬಿಟ್ಟರು. ಎರಡು ತಿಂಗಳು ಬರಿಗೈಯಲ್ಲಿ ಹಿಂದಿರುಗಬೇಕಾದ ವ್ಯಾಪಾರಿಯು ಕುಗ್ಗಿದ ಮುಖದಿಂದ, “ಟೀಚರೇ, ನನ್ನ ಮೇಲೆ ಏನಾದರೂ ಬೇಸರವೇ?” ಎಂದು ಕೇಳಿದನು. ಆಕೆ ಒಂದು ಕ್ಷಣ ಯೋಚಿಸಿ, ಹಿಂದಿನ ಸೀರೆಗಳ ಬಾಬತ್ತು ಇನ್ನೂ ಮೂರು ತಿಂಗಳು ತಡೆದು ಕೊಡಬಹುದಾಗಿದ್ದ ಕಂತುಗಳನ್ನೆಲ್ಲ ಅಂದೇ ಅವನ ಕೈಗೆ ಎಣಿಸಿಕೊಟ್ಟರು. “ನಿಮ್ಮ ಮೇಲೆ ಬೇಸರವಿಲ್ಲ, ನನ್ನ ವ್ರತದ ನಷ್ಟ ನಿಮ್ಮ ತಲೆಗೆ ಬರಬಾರದು” ಎಂದರು.

ಹೊಸ ಸೀರೆಗೆ ಹೋಗಬೇಕಾಗಿದ್ದ ಹಣವನ್ನು ಆಕೆ ಒಂದು ಲಕೋಟೆಯಲ್ಲಿ ಬೇರೆಯಾಗಿ ಇಟ್ಟಿದ್ದರು. ಒಂಬತ್ತನೆಯ ತರಗತಿಯಲ್ಲಿ ಕಪ್ಪುಹಲಗೆಯ ಬರಹವು ಕಾಣಿಸದೆ ಪಕ್ಕದವಳ ಪುಸ್ತಕವನ್ನು ನೋಡಿ ಬರೆದುಕೊಳ್ಳುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮಗಳು ಓದಿನಲ್ಲಿ ಮಂದಳೆಂದೇ ಮನೆಯವರು ನಂಬಿದ್ದರು. ಹಬ್ಬಕ್ಕೆ ಮೊದಲೇ ಅವಳ ಮುಖದ ಮೇಲೆ ಕನ್ನಡಕವು ಬಂದಿತು. ಅದನ್ನು ಕೊಡಿಸಿದವರು ಯಾರೆಂದು ಹುಡುಗಿಗೆ ತಿಳಿಯದಂತೆ ಮುಖ್ಯೋಪಾಧ್ಯಾಯರ ಮೂಲಕ ಏರ್ಪಾಟಾಗಿತ್ತು. ಆಕೆ ಒಮ್ಮೆ ನಮ್ಮೊಡನೆ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: “ಮೊದಲ ವಾರ ಕೈ ಕೊಳ್ಳಲಿಲ್ಲ, ಆದರೆ ಕಣ್ಣು ಕೊಳ್ಳುತ್ತಲೇ ಇತ್ತು. ಕಣ್ಣಿಗೂ ಬೇಡವಾಗಲು ಮೂರು ವಾರ ಬೇಕಾಯಿತು.” ಅಂತಿಯೋಕ್ಯದ ಪ್ರವಚನಕಾರನು ಹೇಳಿದ ಕಣ್ಣಿನ ಉಪವಾಸವೆಂದರೆ ಇದೇ ಅಲ್ಲವೆ! ಹಬ್ಬದ ನಂತರವೂ ಆಕೆ ಆ ವ್ಯಾಪಾರಿಯಿಂದ ಸೀರೆಗಳನ್ನು ಕೊಂಡರು; ತಿಂಗಳಿಗೊಂದರಂತೆ ಅಲ್ಲ, ಬೇಕಾದಾಗ ಒಂದರಂತೆ.

ಈ ಸಂದರ್ಭದಿಂದ ಹೊರಡುವ ಒಂದು ಸೂಕ್ಷ್ಮವನ್ನು ಎಲ್ಲರೂ ವಿಚಾರಿಸಬೇಕು. ನಾವು ಬಿಡುವ ಖರ್ಚು ಇನ್ನಾರದೋ ಸಂಪಾದನೆಯಾಗಿರುತ್ತದೆ. ಹೂವಾಡಗಿತ್ತಿಯಿಂದ ನಿತ್ಯ ಕೊಳ್ಳುತ್ತಿದ್ದ ಒಂದು ಮೊಳ ಹೂವನ್ನು ಬಿಟ್ಟು, ಆ ಹತ್ತಿಪ್ಪತ್ತು ರೂಪಾಯಿಗಳನ್ನು ದೂರದ ಅನಾಥಾಲಯಕ್ಕೆ ಕಳುಹಿಸಿದರೆ ದಾನವು ಯಾರದಾಯಿತು? ಹೂವಾಡಗಿತ್ತಿಯದು. ಮನೆಗೆಲಸದವಳ ಕೂಲಿಯನ್ನು ನಲವತ್ತು ದಿನ ಕಡಿದು ಪುಣ್ಯವನ್ನು ಸಂಪಾದಿಸಹೊರಟವನಿಗೆ ಯೆಶಾಯ ಪ್ರವಾದಿಯ ಗ್ರಂಥದ 58ನೆಯ ಅಧ್ಯಾಯವೇ ಉತ್ತರವನ್ನು ಕೊಟ್ಟಿದೆ: ಉಪವಾಸದ ದಿನವೇ ಕೆಲಸದವರನ್ನು ಹಿಂಡುವವರ ಉಪವಾಸವನ್ನು ದೇವರು ಒಪ್ಪುವುದಿಲ್ಲ, ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದೇ ಆತನಿಗೆ ಪ್ರಿಯವಾದ ಉಪವಾಸ ಎಂಬುದು ಅದರ ಭಾವ. ಆದುದರಿಂದ ಬಿಡತಕ್ಕದ್ದನ್ನು ಆರಿಸುವಾಗ ನಮ್ಮ ಚಪಲವನ್ನು ಪೋಷಿಸುವುದನ್ನು ಆರಿಸಬೇಕೇ ಹೊರತು, ಬಡವರ ಒಲೆಯನ್ನು ಉರಿಸುವುದನ್ನಲ್ಲ.

ವ್ರತವು ಕೆಡುವ ಬಗೆಗಳು ಇನ್ನೂ ಎರಡುಂಟು. ಒಂದು ಮುಂದೂಡಿಕೆ. ನಲವತ್ತು ದಿನ ಏನನ್ನೂ ಕೊಳ್ಳದೆ, ಹಬ್ಬವಾದ ಮರುದಿನ ಕೊಳ್ಳಬೇಕಾದವುಗಳ ಪಟ್ಟಿಯನ್ನು ಬೆಳೆಸುತ್ತ ಕುಳಿತವನು ಆಸೆಯನ್ನು ಬಿಟ್ಟವನಲ್ಲ, ಠೇವಣಿಯಿಟ್ಟವನು. ನಲವತ್ತನೆಯ ದಿನ ಅದು ಬಡ್ಡಿಸಹಿತ ಹಿಂದಿರುಗುತ್ತದೆ. ವ್ರತಕ್ಕೆ ಮುಂಚಿನ ದಿನಗಳಲ್ಲಿ ತಿಂದು ಕುಡಿದು ಕುಣಿಯುವ ಕಾರ್ನಿವಲ್ ಎಂಬ ಉತ್ಸವವು ಐರೋಪ್ಯ ದೇಶಗಳಲ್ಲಿಯೂ ಗೋವೆಯಲ್ಲಿಯೂ ಪ್ರಸಿದ್ಧವಾಗಿದೆ. ಮನಸ್ಸಿನಲ್ಲಿ ಅಂಥ ಉತ್ಸವವನ್ನು ವ್ರತದ ಆಚೆಗೆ ಹೂಡಿಟ್ಟುಕೊಳ್ಳುವುದು ಈ ಮುಂದೂಡಿಕೆ. ಎರಡನೆಯದು ಪ್ರದರ್ಶನ. ತಾನು ಬಿಟ್ಟುದನ್ನು ನೆರೆಹೊರೆಯವರಿಗೂ ಬಂಧುಗಳಿಗೂ ದಿನಕ್ಕೆರಡಾವರ್ತಿ ಸಾರುವವನು, ಬಿಟ್ಟ ವಸ್ತುವಿಗೆ ಬದಲಾಗಿ ಹೊಗಳಿಕೆಯನ್ನು ಕೊಂಡುಕೊಂಡಂತಾಯಿತು. ಖರ್ಚಿನ ಅಭ್ಯಾಸವು ಅಲ್ಲಿ ಹೋಗಲಿಲ್ಲ. ಅಂಗಡಿ ಮಾತ್ರ ಬದಲಾಯಿತು.

ಈ ಕ್ರಮವನ್ನು ತಮ್ಮ ಮನೆಯಲ್ಲಿ ಅನುಷ್ಠಾನಕ್ಕೆ ತರಬೇಕೆನ್ನುವವರು, ತಪಸ್ಸುಕಾಲದವರಾಗಲಿ ಬೇರೆ ವ್ರತದವರಾಗಲಿ, ಕೆಲವು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹತ್ತು ಅಭ್ಯಾಸಗಳನ್ನು ಹಿಡಿಯದೆ ಒಂದನ್ನು ಹಿಡಿಯಬೇಕು, ಅದಕ್ಕೆ ಹೆಸರಿರಬೇಕು. 'ಖರ್ಚು ಕಡಮೆಮಾಡುತ್ತೇನೆ' ಎಂಬುದು ಸಂಕಲ್ಪವಲ್ಲ. 'ಸಂಜೆಯ ಹೋಟೆಲಿನ ತಿಂಡಿಯನ್ನು ಬಿಡುತ್ತೇನೆ', 'ಮೊಬೈಲಿನ ಅಂಗಡಿಯಲ್ಲಿ ಏನನ್ನೂ ತರಿಸುವುದಿಲ್ಲ' ಎಂಬುದು ಸಂಕಲ್ಪ. ಕೊಳ್ಳಬೇಕೆನ್ನಿಸಿದ ಗಳಿಗೆಯಲ್ಲಿಯೇ ಅದರ ಬೆಲೆಯನ್ನು ಡಬ್ಬಿಗೆ ಹಾಕಬೇಕು. ತಿಂಗಳ ಕೊನೆಗೆ ನೋಡೋಣವೆಂದರೆ ಆ ಕೊನೆಯು ಬರುವುದೇ ಇಲ್ಲ. ದಿನಕ್ಕೆ 60 ರೂಪಾಯಿಯ ಅಭ್ಯಾಸವೊಂದನ್ನು ಬಿಟ್ಟವನ ಡಬ್ಬಿಯಲ್ಲಿ 40 ದಿನಕ್ಕೆ 2400 ರೂಪಾಯಿಗಳಿರುತ್ತವೆ. ಒಂದು ಮಗುವಿನ ವರ್ಷದ ಪುಸ್ತಕಗಳಿಗೋ ಒಬ್ಬ ವೃದ್ಧೆಯ ಔಷಧಕ್ಕೋ ಅದು ಒದಗೀತು. ಯಾರಿಗೆ ಕೊಡಬೇಕೆಂಬುದನ್ನು ಮೊದಲನೆಯ ದಿನವೇ ಗೊತ್ತುಮಾಡಿದರೆ ಇನ್ನೂ ಮೇಲು. ಆಗ ಚಪಲವು ತಲೆಯೆತ್ತಿದಾಗ ಎದುರಿಗೆ ನಿಯಮದ ಬದಲು ಒಬ್ಬ ಮನುಷ್ಯನ ಮುಖವು ನಿಲ್ಲುತ್ತದೆ.

ಯಜಮಾನನು ವ್ರತವನ್ನು ಹಿಡಿದು ಅದರ ಕಷ್ಟವನ್ನು ಹೆಂಡತಿಮಕ್ಕಳ ಮೇಲೆ ಹೇರಬಾರದು. ತಾನು ಬಿಡುವುದು ಧರ್ಮ, ಪರರಿಂದ ಬಿಡಿಸುವುದು ಅಧಿಕಾರ. ಮಕ್ಕಳಿಗೆ ಡಬ್ಬಿಯನ್ನು ತೋರಿಸಿದರೆ ಸಾಕು, ಅವರ ಕೈಯನ್ನು ಹಿಡಿದು ಹಾಕಿಸಬೇಕಾಗಿಲ್ಲ. ಔಷಧ, ಪೌಷ್ಟಿಕವಾದ ಆಹಾರ, ಓದಿನ ವೆಚ್ಚ, ಸಲ್ಲಬೇಕಾದ ಸಾಲ ಇವು ಅಭ್ಯಾಸಗಳಲ್ಲ, ಕರ್ತವ್ಯಗಳು, ಇವುಗಳಿಗೆ ಕೈಹಾಕಬಾರದು. ವರ್ಷವೆಲ್ಲ ಬಿಡುತ್ತಲೇ ಬಾಳುವ ಬಡಸಂಸಾರದವರಿಗೆ ಈ ಉಪದೇಶವು ಬೇಕಾಗಿಲ್ಲ. ಅವರು ಇಂಥ ವ್ರತದಲ್ಲಿ ಕೊಡುವವರಾಗಿ ಅಲ್ಲ, ಸ್ವೀಕರಿಸುವ ಅತಿಥಿಗಳಾಗಿ ಪಾಲುಗೊಳ್ಳತಕ್ಕವರು.

ನಲವತ್ತು ದಿನಗಳು ಮುಗಿಯುತ್ತವೆ, ಹಬ್ಬವು ಬರುತ್ತದೆ. ಆನಂದದಿಂದ ಉಡಬೇಕು, ಉಣ್ಣಬೇಕು. ಸಂತೋಷವನ್ನು ನಿಷೇಧಿಸುವುದಕ್ಕಾಗಿ ಹುಟ್ಟಿದ ವ್ರತವಲ್ಲ ಇದು. ಬಿಟ್ಟ ಅಭ್ಯಾಸವು ಮರುದಿನ ಬಾಗಿಲನ್ನು ತಟ್ಟುವುದೂ ಸಹಜವೇ. ಆದರೆ ಅಂದು ಅದು ಯಜಮಾನನಾಗಿ ಒಳಗೆ ನುಗ್ಗಲಾರದು. ಅಪ್ಪಣೆಯನ್ನು ಬೇಡುವ ಪರಿಚಿತನಾಗಿ ಹೊಸ್ತಿಲ ಹೊರಗೆ ನಿಂತಿರುತ್ತದೆ. ಬಾ ಎನ್ನಬಹುದು, ನಾಳೆ ಬಾ ಎನ್ನಲೂಬಹುದು. ಹಾಗೆ ಹೇಳಬಲ್ಲ ಸ್ವಾತಂತ್ರ್ಯವೇ ವ್ರತಿಗೆ ದೊರೆಯುವ ಲಾಭ. ಡಬ್ಬಿಯಲ್ಲಿದ್ದ ಹಣವಾದರೋ ಮೊದಲಿನಿಂದಲೂ ಮತ್ತೊಬ್ಬರದು. ನಲವತ್ತು ದಿನ ನಮ್ಮ ಮನೆಯಲ್ಲಿ ತಂಗಿತ್ತು, ಅದನ್ನು ಅದರ ಮನೆಗೆ ತಲಪಿಸಿ ಬರೋಣ.